ಹತ್ತು ಗಂಟೆಗೆ ಸತ್ತ ಎಂದ ಡಾಕ್ಟರು

ಅಂಕೋಲೆಯ ಅಕ್ಕೋರೇ,

ಹೆಸರು ಹಾಕಬೇಡಿ ಎಂದು ಬರೆದು ಎರಡು ಗೆರೆ ಎಳೆದಿದ್ದೀರಿ. ಹಾಕುವುದಿಲ್ಲ. ಆದರೆ ನೀವು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಎಂಬುದನ್ನು ಮುಚ್ಚಿಡಲು ಆಗುವುದಿಲ್ಲ. ನಿಮ್ಮ ಕಾಗದ ಓದುವಾಗ ನನ್ನದೇ ಉತ್ತರಪತ್ರಿಕೆ ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು ವಾಪಸು ಬಂದ ಹಾಗಾಯಿತು.

ಉಳಿದ ಓದುಗರಿಗಾಗಿ ಕಾಗದದ ಸಾರ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯ ಪತ್ತೇದಾರಿ ಕತೆಯಲ್ಲಿ ಗಂಗಾವಳಿ ಅಳಿವೆಯಲ್ಲಿ ಒಂದು ಹೆಣ ಸಿಗುತ್ತದೆ. ನೀರಿಗೆ ಬಿದ್ದು ಮೂರು ದಿನವಾಗಿರುತ್ತದೆ. ಡಾಕ್ಟರು ಒಮ್ಮೆ ಬಗ್ಗಿ ನೋಡಿ, 'ರಾತ್ರಿ ಹತ್ತು ಗಂಟೆಗೆ ಸತ್ತಿದ್ದಾನೆ' ಅನ್ನುತ್ತಾರೆ. ಅಕ್ಕೋರಿಗೆ ಇದು ನಂಬಿಕೆಯಾಗಲಿಲ್ಲ. ಅವರ ಅಣ್ಣನ ಮಗ ಕಾರವಾರದಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಅವನ ದಪ್ಪ ಪುಸ್ತಕ ತೆರೆದರೆ ಮೊದಲೇ ಫೋಟೋಗಳು ಹೆದರಿಸಿದವಂತೆ. ಅದಕ್ಕೇ ಅವರ ಪ್ರಶ್ನೆ: ಡಾಕ್ಟರಲ್ಲದವರು ಫೊರೆನ್ಸಿಕ್ ಮೆಡಿಸಿನ್, ಅಂದರೆ ಕೋರ್ಟು, ಪೊಲೀಸರ ಕೆಲಸಕ್ಕೆ ಬರುವ ವೈದ್ಯವಿದ್ಯೆಯ ಬಗ್ಗೆ ಏನು ಓದಬೇಕು, ಎಲ್ಲಿಂದ ಶುರು ಮಾಡಬೇಕು? ಪೆಥಾಲಜಿ ಅಂದರೂ ಅದೇನಾ, ಬೇರೆಯಾ?

ಮೊದಲು ತಪ್ಪೊಪ್ಪಿಗೆ. ಆ ಕತೆಯನ್ನು ಅಚ್ಚಿಗೆ ಕಳಿಸಿದವನು ನಾನೇ. ಆ ಸಾಲು ನನ್ನ ಕಣ್ಣಿಗೆ ಬೀಳಬೇಕಿತ್ತು. ಯಾಕೆ ಬೀಳಬೇಕಿತ್ತು ಎಂಬುದಕ್ಕೆ ಒಂದು ಹಳೆಯ ಕತೆ ಇದೆ, ಆಮೇಲೆ ಹೇಳುತ್ತೇನೆ.

ಸತ್ತ ಮೇಲೆ ಮೈ ತಣ್ಣಗಾಗುತ್ತದೆ. ಎಷ್ಟು ಬೇಗ ಆಗುತ್ತದೆ ಎಂಬುದು ಮೈಗೂ ಸುತ್ತಲಿನ ಗಾಳಿಗೂ ಇರುವ ಬಿಸಿಯ ಅಂತರಕ್ಕೆ ಬಿಟ್ಟದ್ದು. ನೀವೇ ಮಕ್ಕಳಿಗೆ ಕಲಿಸಿದ ಪಾಠ. ಲಂಡನ್ನಿನ ಜನವರಿಯಲ್ಲಿ ಈ ಲೆಕ್ಕ ಸುಮಾರಾಗಿ ನಡೆಯುತ್ತದೆ. ನಮ್ಮ ಕರಾವಳಿಯ ಮೇ ತಿಂಗಳ ಮಧ್ಯಾಹ್ನ 33, 34 ಡಿಗ್ರಿ ಇರುವಾಗ 37 ಡಿಗ್ರಿಯ ಮೈ ತಣ್ಣಗಾಗಲು ಜಾಗವೆಲ್ಲಿದೆ? ಹೆಣ ಸೆಟೆದುಕೊಳ್ಳುವುದೂ ಹೀಗೇ. ವಿದ್ಯಾರ್ಥಿಗಳೆಲ್ಲ ಓದುವ ಪುಸ್ತಕದಲ್ಲಿ ಈ ಸೆಟೆತ ಬೇಸಿಗೆಯಲ್ಲಿ 18ರಿಂದ 36 ಗಂಟೆ, ಚಳಿಗಾಲದಲ್ಲಿ 24ರಿಂದ 48 ಗಂಟೆ ಇರುತ್ತದೆ ಎಂದಿದೆ. ಅಲ್ಲೇ ಪಕ್ಕದಲ್ಲಿ ಇನ್ನೊಂದು ಮಾತೂ ಇದೆ: ಇದು ಉತ್ತರ ಭಾರತದ ಲೆಕ್ಕ. ಕಾರವಾರದ ಸೆಕೆಗೆ ಹಾಗೇ ಹೊಂದಿಸಲು ಬರುವುದಿಲ್ಲ, ಅಲ್ವಾ?

ನೀರಿನಲ್ಲಿದ್ದ ಹೆಣದ ವಿಷಯ ಇನ್ನೂ ಕಷ್ಟ. ಮೊದಲು ಮುಳುಗುತ್ತದೆ. ಒಳಗೆ ಕೊಳೆತು ಗ್ಯಾಸ್ ತುಂಬಿದ ಮೇಲೆ ಏಳುತ್ತದೆ. ನಮ್ಮ ದೇಶದಲ್ಲಿ ಬೇಸಿಗೆಯಾದರೆ ಸುಮಾರು ಒಂದು ದಿನ, ಚಳಿಯಲ್ಲಿ ಎರಡು ಮೂರು ದಿನ ಬೇಕು ಎನ್ನುತ್ತಾರೆ. ಉಪ್ಪು ನೀರಿನಲ್ಲಿ ಬೇಗ ತೇಲುತ್ತದೆ. ಹಳೆಯ ಪುಸ್ತಕಗಳಲ್ಲಿ ಒಂದು ಕೈಲೆಕ್ಕವೂ ಇದೆ: ಗಾಳಿಯಲ್ಲಿ ಒಂದು ವಾರದಲ್ಲಿ ಆಗುವಷ್ಟು ಕೊಳೆತ ನೀರಿನಲ್ಲಿ ಎರಡು ವಾರಕ್ಕೆ, ಮಣ್ಣಿನೊಳಗೆ ಎಂಟು ವಾರಕ್ಕೆ ಆಗುತ್ತದೆ. ವಾರದ ಲೆಕ್ಕ ಅದು, ಗಂಟೆಯದಲ್ಲ. ಆದ್ದರಿಂದ ನಮ್ಮ ಕತೆಯ ಡಾಕ್ಟರು 'ಎರಡರಿಂದ ನಾಲ್ಕು ದಿನ ಆಗಿರಬಹುದು' ಎಂದಿದ್ದರೆ ಮಾನ ಉಳಿಯುತ್ತಿತ್ತು.

ಇಷ್ಟೆಲ್ಲ ಹೇಳಿದ್ದು ಪುಸ್ತಕದ ವಿಷಯಕ್ಕೆ ಬರಲಿಕ್ಕೇ. ಈ ವಿದ್ಯೆ ಊರಿಂದ ಊರಿಗೆ ಬದಲಾಗುತ್ತದೆ. ಸೆಕೆ ಬೇರೆ, ನೀರು ಬೇರೆ, ವಿಷದ ಗಿಡ ಬೇರೆ. ಹಾಗಾಗಿ ಎಷ್ಟು ಹೆಸರುವಾಸಿ ಎಂದು ನೋಡಿ ಪುಸ್ತಕ ಆರಿಸಬೇಡಿ. ನಮ್ಮ ಹಿತ್ತಲು ಅದಕ್ಕೆ ಗೊತ್ತಾ ಎಂದು ನೋಡಿ.

ಆ ಲೆಕ್ಕದಲ್ಲಿ ಮೊದಲ ಮಣೆ ಮೋದಿಯವರಿಗೆ. ಜೈಸಿಂಗ್ ಪ್ರಭುದಾಸ್ ಮೋದಿ ಬರೆದ ಮೆಡಿಕಲ್ ಜೂರಿಸ್‌ಪ್ರುಡೆನ್ಸ್ ಪುಸ್ತಕ ಮೊದಲು ಬಂದದ್ದು 1920ರಲ್ಲಿ. ಬೇರೆಯವರು ತಿದ್ದಿ ತಿದ್ದಿ ಇಂದಿಗೂ ಹೊರಬರುತ್ತಿದೆ. ವಕೀಲರ ಕಪಾಟಿನಲ್ಲೂ ಸಿಗುತ್ತದೆ. ಪೂರ್ತಿ ಓದುವ ಸಾಹಸ ಬೇಡ. ಹಿಂದಿನಿಂದ, ವಿಷಗಳ ಭಾಗದಿಂದ ಶುರು ಮಾಡಿ. ಅಲ್ಲಿ ಫೋಟೋಗಳ ಕಾಟವೂ ಕಡಿಮೆ.

ಅಲ್ಲಿ ನಮ್ಮ ಬೇಲಿಯ ಗಿಡಗಳೆಲ್ಲ ಸಾಲಾಗಿ ನಿಂತಿವೆ. ಎಕ್ಕ ಇದೆ, ಕಣಗಿಲೆ ಇದೆ, ಕಾಸರಕ ಇದೆ. ಕಾಸರಕದ ಬೀಜ ಇಡಿಯಾಗಿ ನುಂಗಿದರೆ ಸಿಪ್ಪೆ ಗಟ್ಟಿಯಿರುವುದರಿಂದ ಸಾಮಾನ್ಯವಾಗಿ ಹಾಗೇ ಹೊರಗೆ ಹೋಗುತ್ತದೆ. ಅದರ ವಿಷ ಏರಿದಾಗ ಬರುವ ಸೆಳೆತ ಧನುರ್ವಾಯುವಿನ ಸೆಳೆತದ ಹಾಗೇ ಕಾಣುತ್ತದೆ. ಎರಡನ್ನೂ ಬೇರೆ ಮಾಡುವುದು ಹೇಗೆ ಎಂದು ಪುಸ್ತಕ ವಿವರಿಸುತ್ತದೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ ಹಿಂದೆ ದನ ಕೊಲ್ಲುವವರ ಕೈಯಲ್ಲಿ ಏನಾಗಿತ್ತು ಎಂಬುದೂ ಅಲ್ಲಿದೆ. ಉಮ್ಮತ್ತಿ ಬೀಜವನ್ನೂ ಮೆಣಸಿನ ಬೀಜವನ್ನೂ ಅಕ್ಕಪಕ್ಕ ಇಟ್ಟು ಗಾತ್ರ, ಬಣ್ಣ, ರುಚಿ, ಅಡ್ಡ ಸೀಳಿದಾಗ ಒಳಗಿನ ಮೊಳಕೆ ಯಾವ ಕಡೆ ಬಾಗಿದೆ ಎಂದು ಹೋಲಿಸಿ ತೋರಿಸಿದ್ದಾರೆ. ದಾರಿಹೋಕರಿಗೆ ಉಮ್ಮತ್ತಿ ತಿನ್ನಿಸಿ ದೋಚುತ್ತಿದ್ದ ಕಾಲದಲ್ಲಿ ಈ ಹೋಲಿಕೆ ಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತಿತ್ತು. ನೀವು ಶಾಲೆಯಲ್ಲಿ ಬೀಜದ ಪಾಠ ಹೀಗೆ ಮಾಡಿದ್ದರೆ ಒಬ್ಬ ಹುಡುಗನೂ ನಿದ್ದೆ ಮಾಡುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕರಿಗೇರಿನ ಕತೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಯಿ. ಅದರ ಎಣ್ಣೆ ತಾಗಿದರೆ ಚರ್ಮ ಕಪ್ಪಾಗಿ ಸುಟ್ಟು ಬೊಕ್ಕೆ ಏಳುತ್ತದೆ. ಗದ್ದೆ ಜಗಳದಲ್ಲಿ 'ಅವನು ಹೊಡೆದ' ಎಂದು ಸುಳ್ಳು ಕೇಸು ಹಾಕುವವರು ಇದನ್ನೇ ಮೈಗೆ ಹಚ್ಚಿಕೊಂಡು ಬರುತ್ತಿದ್ದರು. ಡಾಕ್ಟರು ಹಿಡಿಯುವುದು ಹೇಗೆ? ನಿಜವಾದ ಪೆಟ್ಟಿನ ಬಾವು ದಿನ ಕಳೆದ ಹಾಗೆ ಬಣ್ಣ ಬದಲಿಸುತ್ತದೆ: ನೀಲಿ, ಆಮೇಲೆ ಹಸಿರು, ಆಮೇಲೆ ಹಳದಿ. ಕರಿಗೇರಿನದು ಹಾಗಲ್ಲ, ಅದರಲ್ಲಿ ಗುಳ್ಳೆ, ತುರಿಕೆ. ಅಷ್ಟೇ ಅಲ್ಲ, ತುರಿಸಿದ ಬೆರಳ ತುದಿಯಲ್ಲೂ ಅದೇ ಕಲೆ. ಇನ್ನು, ಕೈಗೆ ಎಟುಕುವ ಜಾಗ ಬಿಟ್ಟು ಬೇರೆಲ್ಲೂ ಈ 'ಪೆಟ್ಟು' ಬಿದ್ದಿರುವುದಿಲ್ಲ! ಇದು ಇಂಗ್ಲೆಂಡಿನ ಪುಸ್ತಕದಲ್ಲಿ ಎಲ್ಲಿ ಸಿಗಬೇಕು ಹೇಳಿ.

ಎರಡನೆಯದು ನಿಮ್ಮ ಮನೆಯಲ್ಲೇ ಇರಬಹುದು. ಮಕ್ಕಳು ಬರೀ 'ರೆಡ್ಡಿ' ಎಂದು ಕರೆಯುವ ಕೆ.ಎಸ್. ನಾರಾಯಣ ರೆಡ್ಡಿಯವರ ಪುಸ್ತಕ. ಮೇಲೆ ಹೇಳಿದ ಸೆಟೆತದ ಲೆಕ್ಕ ಅದರದ್ದೇ. ಪರೀಕ್ಷೆಗೆ ಬರೆದದ್ದು, ರಸ ಕಡಿಮೆ. ಬೇಕಾದದ್ದು ಬೇಗ ಸಿಗುತ್ತದೆ, ಅಷ್ಟೇ. ಒಂದು ಎಚ್ಚರಿಕೆ: 2024ರ ಜುಲೈ 1ರಿಂದ ಕಾನೂನಿನ ಕಲಂಗಳ ನಂಬರು ಬದಲಾಗಿವೆ. ಸಂಶಯಾಸ್ಪದ ಸಾವಿನ ಪೊಲೀಸ್ ವಿಚಾರಣೆ ಹಿಂದೆ ದಂಡ ಪ್ರಕ್ರಿಯೆಯ ಹಳೆ ಕಾಯ್ದೆ ಸಿಆರ್‌ಪಿಸಿ 174, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 194. ಸಾಕ್ಷ್ಯ ಕಾಯ್ದೆಯಲ್ಲಿದ್ದ ತಜ್ಞರ ಅಭಿಪ್ರಾಯದ ಕಲಂ 45 ಈಗ ಹೊಸ ಕಾಯ್ದೆಯಲ್ಲಿ 39 ಆಗಿದೆ. ಹುಬ್ಬಳ್ಳಿಯಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡರೆ ವಿಷ, ಗಾಯಗಳ ಭಾಗ ಧಾರಾಳವಾಗಿ ಓದಿ. ಕಲಂ ನಂಬಬೇಡಿ.

ಈಗ ಪೆಥಾಲಜಿ. ರೋಗದಿಂದ ದೇಹದ ಅಂಗಾಂಶ ಹೇಗೆ ಕೆಡುತ್ತದೆ ಎಂದು ನೋಡುವ ವಿದ್ಯೆ ಅದು. ಬಹುಪಾಲು ಬದುಕಿದವರಿಗಾಗಿಯೇ ಇರುವುದು: ರಕ್ತ ಪರೀಕ್ಷೆ, ಗಡ್ಡೆಯ ತುಣುಕಿನ ಪರೀಕ್ಷೆ ಎಲ್ಲ ಅದರ ಕೆಲಸ. ಸಿದ್ದಾಪುರದ ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದನ್ನು ಕೊಯ್ದು ಪರೀಕ್ಷೆಗೆ ಕಳಿಸುವುದೂ ಇದೇ ದಾರಿಯ ಕೆಲಸವೇ. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದೂ ಸತ್ತ ಮಂಗಗಳ ಜಾಡು ಹಿಡಿದೇ. ಇಂಗ್ಲೆಂಡ್, ಅಮೆರಿಕದಲ್ಲಿ ಪೆಥಾಲಜಿ ಕಲಿತವರೇ ಮುಂದೆ ಫೊರೆನ್ಸಿಕ್‌ಗೆ ಹೋಗುತ್ತಾರೆ. ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಎಂಡಿ, ಬೇರೆ ವಿಭಾಗ. ತಾಲೂಕು ಆಸ್ಪತ್ರೆಗಳಲ್ಲಿ ಎಷ್ಟೋ ಸಲ ಎರಡೂ ಓದದ ಎಂಬಿಬಿಎಸ್ ಡಾಕ್ಟರೇ, ಹೊರಗೆ ನಿಂತ ರೋಗಿಗಳ ಸಾಲು ಮುಗಿಸಿ, ಮರಣೋತ್ತರ ಪರೀಕ್ಷೆ (ಪಿಎಂ) ಮಾಡಬೇಕಾಗುತ್ತದೆ.

ಈ ಎರಡು ವಿದ್ಯೆಗಳ ವ್ಯತ್ಯಾಸ ನನಗೆ ಅರ್ಥವಾದದ್ದು ಎರಡು ಬಾಟಲಿಗಳಿಂದ. ಆ ಹಳೆಯ ಕತೆ ಇದು.

ನಾನು ಆಗ ಕರಾವಳಿಯ ಒಂದು ಊರಿನಲ್ಲಿ ಹೊಸ ವರದಿಗಾರ. ಒಬ್ಬ ಮಧ್ಯವಯಸ್ಕರು ತೋಟದಲ್ಲಿ ಸತ್ತು ಬಿದ್ದಿದ್ದರು. ಪಕ್ಕದಲ್ಲಿ ಔಷಧಿ ಡಬ್ಬಿ. ಪಂಚನಾಮೆ ಆಯಿತು, ಪಿಎಂ ಆಯಿತು. ನಾನು ಆಸ್ಪತ್ರೆಯ ಹಿಂದೆ ನಿಂತು ಯಾರದೋ ಬಾಯಲ್ಲಿ ಕೇಳಿದ್ದನ್ನು ಬರೆದೆ: 'ವಿಷ ಸೇವಿಸಿ ಆತ್ಮಹತ್ಯೆ.' ಡಾಕ್ಟರು ವರದಿಯಲ್ಲಿ ಬರೆದದ್ದು ಬೇರೆ. 'ಅಭಿಪ್ರಾಯ ಕಾಯ್ದಿರಿಸಿದೆ' ಎಂದಷ್ಟೇ. ಹೊಟ್ಟೆ, ಸಣ್ಣ ಕರುಳಿನ ಭಾಗ, ಪಿತ್ತಜನಕಾಂಗದ ತುಂಡು, ಎರಡೂ ಮೂತ್ರಪಿಂಡಗಳ ಅರ್ಧರ್ಧ ಭಾಗ ಗಟ್ಟಿ ಉಪ್ಪಿನ ನೀರಿನಲ್ಲಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಅಂದರೆ ಎಫ್‌ಎಸ್‌ಎಲ್‌ಗೆ ಹೋದವು. ಹೃದಯ ಫಾರ್ಮಲಿನ್ ಬಾಟಲಿಯಲ್ಲಿ ಪೆಥಾಲಜಿಗೆ ಹೋಯಿತು. ಉಪ್ಪು ನೀರಿನದು ವಿಷ ಹುಡುಕಲು, ಫಾರ್ಮಲಿನ್‌ನದು ರೋಗ ಹುಡುಕಲು. ಅದಲು ಬದಲಾದರೆ ಕೆಟ್ಟಿತು. ಫಾರ್ಮಲಿನ್‌ಗೆ ಹಾಕಿದ್ದರಲ್ಲಿ ವಿಷ ಹುಡುಕುವುದು ಕಷ್ಟ.

ತಿಂಗಳುಗಳ ಮೇಲೆ ವರದಿ ಬಂತು. ವಿಷ ಇಲ್ಲ. ವಿಷ ಸಿಗಲಿಲ್ಲ ಎಂದ ಮಾತ್ರಕ್ಕೆ ಕುಡಿದಿಲ್ಲ ಎಂದಾಗುವುದಿಲ್ಲ, ವಾಂತಿಯಲ್ಲಿ ಹೋಗಿರಬಹುದು, ದೇಹದಲ್ಲಿ ಕರಗಿರಬಹುದು. ಆದರೆ ಇಲ್ಲಿ ಎರಡನೇ ಬಾಟಲಿ ಮಾತಾಡಿತ್ತು. ಹೃದಯದ ರಕ್ತನಾಳ ಕಟ್ಟಿತ್ತು. ಆ ಮನುಷ್ಯ ಅಡಿಕೆಗೆ ಔಷಧಿ ಹೊಡೆಯಲು ಹೋದವರು, ಹೃದಯಾಘಾತದಿಂದ ಬಿದ್ದಿದ್ದರು. ಅಷ್ಟರಲ್ಲಿ ಆ ಮನೆಯವರನ್ನು ಊರು ಎಷ್ಟು ಮಾತಾಡಿ ಮುಗಿಸಿತ್ತು ಎಂದು ನಿಮಗೆ ಹೇಳಬೇಕಾಗಿಲ್ಲ. ಆ ಡಾಕ್ಟರು ನನ್ನನ್ನು ಕರೆದು ಬೈಯಲಿಲ್ಲ. ತಮ್ಮ ಹಳೆಯ ಮೋದಿ ಪುಸ್ತಕ ಮುಂದಿಟ್ಟು, 'ಮೊದಲು ಇದನ್ನು ಓದು ತಮ್ಮಾ, ಆಮೇಲೆ ಬರಿ' ಎಂದರು. ಬೈದಿದ್ದರೇ ವಾಸಿಯಿತ್ತು.

ಪೆಥಾಲಜಿಗೆ ರಾಬಿನ್ಸ್ ಎಂಬ ದೊಡ್ಡ ಪುಸ್ತಕವಿದೆ. ಅಣ್ಣನ ಮಗನ ಬಳಿ ಖಂಡಿತ ಇರುತ್ತದೆ. ಮೊದಲ ಅಧ್ಯಾಯಗಳಷ್ಟು ಸಾಕು: ಜೀವಕೋಶಕ್ಕೆ ಪೆಟ್ಟಾಗುವುದು, ಉರಿಯೂತ, ಗಾಯ ಮಾಯುವುದು. ಇಷ್ಟು ಗೊತ್ತಾದರೆ ಬಾವಿನ ಬಣ್ಣ ಯಾಕೆ ಬದಲಾಗುತ್ತದೆ ಎಂಬುದಕ್ಕೆ ಕಾರಣ ಸಿಗುತ್ತದೆ. ಸತ್ತ ಮೇಲೆ ಆದ ಗಾಯ, ಬದುಕಿದ್ದಾಗ ಆದ ಗಾಯ ಬೇರೆ ಹೇಗೆ ಎಂಬುದಕ್ಕೂ.

ಹೊರದೇಶದ್ದು ಬೇಡವೇ ಬೇಡ ಎಂದಲ್ಲ. ಬರ್ನಾರ್ಡ್ ನೈಟ್ ಅವರ ಫೊರೆನ್ಸಿಕ್ ಪೆಥಾಲಜಿ ಪುಸ್ತಕದಲ್ಲಿ ನೀರಿನಲ್ಲಾದ ಸಾವಿನ ಅಧ್ಯಾಯವಿದೆ. ಕರಾವಳಿಯವರು ಓದಲೇಬೇಕು. ನೀರಿನಲ್ಲಿ ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಗಾಜಿನಂಥ ಚಿಪ್ಪಿನದು. ಬದುಕಿದ್ದವನು ಮುಳುಗುವಾಗ ನೀರು ಎಳೆದುಕೊಂಡರೆ ಅದು ರಕ್ತ ಸೇರಿ ಎಲುಬಿನ ಮಜ್ಜೆವರೆಗೂ ಹೋಗುತ್ತದೆ ಎಂಬ ಲೆಕ್ಕ. ಈ ಪರೀಕ್ಷೆಯನ್ನು ಎಷ್ಟು ನಂಬಬೇಕು ಎಂದು ತಜ್ಞರೇ ಜಗಳವಾಡುತ್ತಾರೆ. ಆ ಜಗಳ ಓದುವುದೇ ಒಂದು ಪಾಠ. ಅಳಿವೆಯಲ್ಲಂತೂ ಭರತಕ್ಕೆ ಉಪ್ಪು, ಇಳಿತಕ್ಕೆ ಸಿಹಿ. ಯಾವ ನೀರಿನ ಪಾಚಿ ಎಂದು ಹೇಳಲಿಕ್ಕೂ ಅಲ್ಲಿಂದಲೇ ನೀರು ತಂದು ಹೋಲಿಸಬೇಕು. ಇದೇ ನೈಟ್ ಮಹಾಶಯರು 12ನೇ ಶತಮಾನದ ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಳನ್ನೂ ಬರೆದಿದ್ದಾರೆ. ನಿಮಗೆ ಆ ಚಟ ಇದೆಯಲ್ಲ, ಅದಕ್ಕೆ ಹೇಳಿದೆ.

ಫೋಟೋ ಇಲ್ಲದೆ ಓದಬೇಕೆಂದರೆ ಇಂಗ್ಲೆಂಡಿನ ಫೊರೆನ್ಸಿಕ್ ತಜ್ಞ ಕೀತ್ ಸಿಂಪ್ಸನ್ ಅವರ ಆತ್ಮಕತೆ ಇದೆ, 'ಫಾರ್ಟಿ ಇಯರ್ಸ್ ಆಫ್ ಮರ್ಡರ್', 1978ರದ್ದು. ಕೊಲೆಗಾರನೊಬ್ಬ ಹೆಣವನ್ನು ಆಸಿಡ್‌ನಲ್ಲಿ ಕರಗಿಸಿ ಅಂಗಳಕ್ಕೆ ಚೆಲ್ಲಿದ್ದ. ಸಿಂಪ್ಸನ್ ಅಂಗಳದ ಜಲ್ಲಿಕಲ್ಲಿನ ನಡುವೆ ಪಿತ್ತಕೋಶದ ಕಲ್ಲು ಗುರುತಿಸಿದರು. ಕಟ್ಟಿಸಿದ ಹಲ್ಲೂ ಕರಗದೆ ಉಳಿದಿತ್ತು. ಸ್ವಲ್ಪ ಜಂಬದ ಮನುಷ್ಯ, ಆದರೆ ಬರವಣಿಗೆ ಓಡುತ್ತದೆ.

ಇನ್ನೂ ಹಿಂದೆ ಹೋಗುವ ಮನಸ್ಸಿದ್ದರೆ ಚೀನಾದ ಸೊಂಗ್ ತ್ಸಿ ಎಂಬ ಅಧಿಕಾರಿ 1247ರಲ್ಲಿ ಬರೆದ ಪುಸ್ತಕಕ್ಕೆ ಇಂಗ್ಲಿಷ್ ಅನುವಾದ ಇದೆ. ಕುಡುಗೋಲಿನಿಂದ ಕಡಿದ ಒಂದು ಕೊಲೆ. ವಿಚಾರಣೆ ಮಾಡಲು ಬಂದ ಅಧಿಕಾರಿ ಊರವರ ಕುಡುಗೋಲುಗಳನ್ನೆಲ್ಲ ಬಿಸಿಲಲ್ಲಿ ಸಾಲಾಗಿ ಇಡಿಸಿದ. ನೊಣ ಒಂದರ ಮೇಲೆ ಮಾತ್ರ ಮುತ್ತಿದವು. ತೊಳೆದಿದ್ದರೂ ರಕ್ತದ ವಾಸನೆ ಹೋಗಿರಲಿಲ್ಲ.

ಕಾಗದದ ಕೊನೆಯಲ್ಲಿ ನೀವು ಶಿರೂರಿನ ಗುಡ್ಡದ ಮಾತು ಬರೆದಿದ್ದೀರಿ. 2024ರ ಜುಲೈ 16ರಂದು ಕುಸಿದ ಗುಡ್ಡ, ಸೆಪ್ಟೆಂಬರ್ 25ರಂದು ಗಂಗಾವಳಿಯಿಂದ ಮೇಲೆತ್ತಿದ ಲಾರಿ. ಒಳಗಿದ್ದ ದೇಹ ಯಾರದ್ದು ಎಂದು ಎಲ್ಲರಿಗೂ ಗೊತ್ತಿದ್ದರೂ ಡಿಎನ್‌ಎ ಪರೀಕ್ಷೆ ಮುಗಿಯುವ ತನಕ ಮನೆಯವರಿಗೆ ಕೊಡಲಿಲ್ಲ, ಯಾಕೆ ಎಂದು ಕೇಳಿದ್ದೀರಿ. ಎರಡು ತಿಂಗಳು ನೀರಿನಲ್ಲಿದ್ದ ದೇಹದಲ್ಲಿ ಮುಖ, ಬೆರಳಚ್ಚು ಸಾಕ್ಷಿ ಹೇಳುವುದಿಲ್ಲ. ಅದೇ ಗುಡ್ಡ ಕುಸಿತದಲ್ಲಿ ಕಾಣೆಯಾದ ಬೇರೆಯವರ ಮನೆಯವರೂ ಆಗ ಕಾಯುತ್ತಿದ್ದರು. ಎಲ್ಲರಿಗೂ ಗೊತ್ತು ಎಂಬುದನ್ನು ನಂಬಿ ಒಬ್ಬರ ದೇಹ ಇನ್ನೊಬ್ಬರ ಮನೆಗೆ ಹೋದರೆ ಎರಡು ಮನೆಯವರಿಗೂ ಅನ್ಯಾಯ.

ನಿಮ್ಮ ಕಾಗದವನ್ನು ಕತೆಗಾರರಿಗೆ ಕಳಿಸಿದ್ದೇನೆ. ಮೊದಲು ಗೊಣಗಿದರು. ಈಗ ಪುಸ್ತಕವಾಗಿ ಬರುವಾಗ 'ಹತ್ತು ಗಂಟೆ' ತೆಗೆಯುತ್ತಾರಂತೆ. ಮಧ್ಯರಾತ್ರಿ ಪಿಎಂ ಮಾಡಿಸಿದ್ದನ್ನೂ ಬದಲಿಸಲು ಹೇಳಿದ್ದೇನೆ. 2021ರ ನವೆಂಬರಿನಿಂದ ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಕತ್ತಲಾದ ಮೇಲೂ ಮಾಡಬಹುದು, ನಿಜ. ಆದರೆ ಕೊಲೆಯ ಅನುಮಾನ ಇರುವಲ್ಲಿ ಸಾಮಾನ್ಯವಾಗಿ ಇಲ್ಲ.

ಆ ಡಾಕ್ಟರು ಕೊಟ್ಟ ಮೋದಿ ಪುಸ್ತಕ ನನ್ನ ಹತ್ತಿರವೇ ಇದೆ. ಶಿರಸಿಯ ಮಳೆಗೆ ಬೂಸ್ಟು ಹಿಡಿದು ಬೆನ್ನು ಕಿತ್ತಿದೆ. ಕರಿಗೇರಿನ ಪುಟ ಗಟ್ಟಿಯಾಗಿದೆ. ಕರಿ ಇಶಾಡು ಮಾವು ಹಣ್ಣಾಗುವ ಹೊತ್ತಿಗೆ ಅಂಕೋಲೆಗೆ ಬರುವುದಿದೆ, ಆಗ ತಂದುಕೊಡುತ್ತೇನೆ. ಓದಿ ವಾಪಸು ಕೊಡಬೇಕು. ಕೆಂಪು ಶಾಯಿಯಲ್ಲಿ ತಿದ್ದಬೇಡಿ.

— ಸಂಪಾದಕ