ಪ್ರೇಮಕತೆಯಲ್ಲಿ ವೀಸಾ ಯಾಕೆ?

ಮಲ್ಲೇಶ್ವರದ ಓದುಗರಿಗೆ,

ಮೇಡಂ, ನಿಮ್ಮ ಸಿಟ್ಟಿನ ಪತ್ರ ತಲುಪಿತು. ನ್ಯೂಜೆರ್ಸಿಯ ಎರಡು ವಲಸೆ ಕುಟುಂಬಗಳ ಮಕ್ಕಳು ಪ್ರೀತಿಸುವ ಆ ಕಾದಂಬರಿಯನ್ನು ನಮ್ಮ ವಿಮರ್ಶಕರು ಕಳೆದ ಸಂಚಿಕೆಯಲ್ಲಿ ‘ಸಪ್ಪೆ’ ಅಂದರು. ನೀವು ಓದಿ ಅತ್ತಿದ್ದೀರಿ. ಹರೆಯದವರ ಪ್ರೇಮಕತೆಯಲ್ಲಿ ವೀಸಾ, ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ಆಗಿ ಇರಲು ಕೊಡುವ ಪರವಾನಗಿ) ಹುಡುಕುವವರು ಜೀವನದಲ್ಲಿ ಯಾರನ್ನೂ ಪ್ರೀತಿಸಿರಲಿಕ್ಕಿಲ್ಲ ಅಂತಲೂ ಬರೆದಿದ್ದೀರಿ. (ಅವರದು ಲವ್ ಮ್ಯಾರೇಜೇ.)

ನಾನೂ ಓದಿದೆ. ನಮ್ಮ ವಿಮರ್ಶಕರು ಮೆತ್ತಗೇ ಬರೆದಿದ್ದಾರೆ ಅನ್ನಿಸಿತು.

ಹುಡುಗ ಎಂಟನೇ ವಯಸ್ಸಿಗೆ ಬಸವನಗುಡಿಯಿಂದ ನ್ಯೂಜೆರ್ಸಿಯ ಎಡಿಸನ್‌ಗೆ ಹೋದವನು. ಅಪ್ಪನದು ಎಚ್-1ಬಿ, ಅಂದರೆ ಅಲ್ಲಿ ಕೆಲಸ ಮಾಡಲು ಕೊಡುವ ತಾತ್ಕಾಲಿಕ ವೀಸಾ. ಹುಡುಗಿ ಅಲ್ಲೇ ಹುಟ್ಟಿದವಳು, ಅಂದರೆ ಅಮೆರಿಕದ ಪ್ರಜೆ. ಕತೆ ನಡೆಯುವುದು 2012ರಲ್ಲಿ, ಹುಡುಗನಿಗೆ 20. ಇಷ್ಟನ್ನೂ ಲೇಖಕರೇ ಹೇಳಿದ್ದಾರೆ. ಈಗ ನೋಡಿ, 21 ತುಂಬಿದರೆ ಅಪ್ಪನ ವೀಸಾದ ಆಸರೆ ಅವನಿಗೆ ತಪ್ಪುತ್ತದೆ. ಉದ್ಯೋಗದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸಾಲು ವರ್ಷಗಟ್ಟಲೆ ಕರಗುವುದಿಲ್ಲ, ಅಪ್ಪ ಅಮ್ಮ ಕಾಯುತ್ತಿರುವಾಗಲೇ ಎಷ್ಟೋ ಮಕ್ಕಳು ದೊಡ್ಡವರಾಗಿಬಿಡುತ್ತಾರೆ. ಆಮೇಲೆ ಸ್ವಂತಕ್ಕೆ ಸ್ಟೂಡೆಂಟ್ ವೀಸಾನೋ ಇನ್ನೊಂದೋ ಮಾಡಿಸಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಹುಡುಗಿಯನ್ನು ಮದುವೆಯಾದರೆ ದಾರಿ ಸಿಗುತ್ತದೆ. ಆಗ ಅವಳಿಗೊಂದು ಅನುಮಾನ ಬರುವುದಿಲ್ವಾ, ಇವನಿಗೆ ಬೇಕಾಗಿರುವುದು ನಾನೋ ನನ್ನ ಪಾಸ್‌ಪೋರ್ಟೋ ಅಂತ? ಅವಳ ಅಪ್ಪನಿಗಂತೂ ಬಂದೇ ಬರುತ್ತದೆ. ಹುಡುಗನಿಗೇ ತನ್ನ ಮೇಲೆ ಬರಬಹುದು. ಇಡೀ ಕಾದಂಬರಿ ಇಲ್ಲೇ ಇತ್ತು ಮೇಡಂ! ಲೇಖಕರು ಅದರ ಪಕ್ಕದಲ್ಲೇ ಹಾದು ಹೋಗಿ, ಜೋಡಿಯನ್ನು ಮಳೆಯಲ್ಲಿ ನೆನೆಸುತ್ತಾ ಕೂತಿದ್ದಾರೆ.

ಹುಡುಗನ ಅಮ್ಮನ ಪಾತ್ರ ಇನ್ನೂ ಬೇಜಾರು. ಇಂಜಿನಿಯರಿಂಗ್ ಓದಿದ ಹೆಂಗಸು ಪುಸ್ತಕದ ಉದ್ದಕ್ಕೂ ಹುಳಿ ಕುದಿಸುತ್ತಾಳೆ, ಅಳುತ್ತಾಳೆ, ‘ನಮ್ಮವರನ್ನೇ ನೋಡೋ’ ಅನ್ನುತ್ತಾಳೆ. ಅಷ್ಟೇ. ಎಚ್-1ಬಿಯವರ ಮನೆಯವರಿಗೆ ಕೊಡುವ ಎಚ್-4 ವೀಸಾದಲ್ಲಿ ಹೋದ ಹೆಂಡತಿಯರು ಆಗ ಕೆಲಸಕ್ಕೆ ಸೇರುವ ಹಾಗೇ ಇರಲಿಲ್ಲ, 2015ರಲ್ಲಿ ಕೆಲವರಿಗೆ ಮಾತ್ರ ಅವಕಾಶ ಸಿಕ್ಕಿತು. ಹನ್ನೆರಡು ವರ್ಷ ಡಿಗ್ರಿಯನ್ನು ಸೂಟ್‌ಕೇಸಿನಲ್ಲಿಟ್ಟು ಮನೆಯಲ್ಲಿ ಕೂತವಳು ಮಗನಿಗೆ ಅಡ್ಡ ನಿಂತರೆ, ಅವಳು ಏನೇನು ಬಿಟ್ಟಳು ಅಂತ ನಮಗೆ ಗೊತ್ತಿದ್ದರೆ, ಅವಳ ಮಾತಿಗೊಂದು ತೂಕ ಬರುತ್ತದೆ. ಇಲ್ಲದಿದ್ದರೆ ಸುಮ್ನೆ ಸೀರಿಯಲ್ಲಿನ ಅಮ್ಮ. ಅಂಥವಳನ್ನು ಎದುರಿಸಿ ಗೆಲ್ಲುವುದರಲ್ಲಿ ಆ ಹುಡುಗನ ಹೆಚ್ಚುಗಾರಿಕೆ ಏನು?

ಅಜ್ಜಿ ತಾತ ಬೆಂಗಳೂರಿನಲ್ಲೇ ವೀಸಾ ಇಂಟರ್‌ವ್ಯೂ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವುದಂತೂ ತಮಾಷೆ. ನಾವೆಲ್ಲ ಅದಕ್ಕೆ ಚೆನ್ನೈ ರೈಲು ಹತ್ತಿದವರು, ಅಲ್ವಾ?

ಫೋನಿನಲ್ಲಿ ಅಜ್ಜಿ ‘ಊಟ ಆಯ್ತಾ’ ಅಂತ ಮತ್ತೆ ಮತ್ತೆ ಕೇಳುವ ಎರಡು ಪುಟ ನಿಮಗೆ ಇಷ್ಟವಾಯಿತು ಅಂದಿರಿ. ನನಗೂ ಇಷ್ಟವಾಯಿತು. ಇವರ ಮುಂದಿನ ಪುಸ್ತಕ ಬಂದರೆ ಆ ಎರಡು ಪುಟದ ಧೈರ್ಯದ ಮೇಲೆ ಕೊಳ್ಳುತ್ತೇನೆ.

ಸಂಪಾದಕ