ಲಗೇಜಿಗೆ ಅನ್ಯಾಯವಾಗಿ ಹೆಚ್ಚು ಹಣ ಪಡೆದ ವಿಮಾನ ಸಂಸ್ಥೆಯಿಂದ ಅದನ್ನು ವಾಪಸ್ ಪಡೆಯಬಹುದೇ?

ಪಡೆಯಬಹುದು, ಕೈಯಲ್ಲಿ ದಾಖಲೆ ಇರಬೇಕು ಅಷ್ಟೆ. ಟಿಕೆಟ್ ಕೊಂಡಾಗ ಅದರಲ್ಲಿ ನಮೂದಾದ ತೂಕವೇ ನಿಮಗೂ ಸಂಸ್ಥೆಗೂ ಆದ ಕರಾರು. 15 ಕೆಜಿ ಎಂದಿದ್ದರೆ, ಅದನ್ನು ಮೀರಿದ ಕೆಜಿಗಳಿಗೆ ಮಾತ್ರ ಶುಲ್ಕ.

ಮೊದಲು ತೂಕದ ಯಂತ್ರ ಗಮನಿಸಿ. ಬ್ಯಾಗ್ ಇಡುವ ಮುಂಚೆ ಪರದೆಯಲ್ಲಿ ಸೊನ್ನೆ ಇರಬೇಕು. ಪಕ್ಕದ ಬ್ಯಾಗಿನ ಅಂಚು ಬೆಲ್ಟಿನ ಮೇಲೆ ಕೂತಿದ್ದರೂ, ನೀವೇ ಕೈ ಊರಿದ್ದರೂ ಅಂಕಿ ಏರುತ್ತದೆ. ಅನುಮಾನ ಬಂದರೆ ಬೇರೆ ಕೌಂಟರಿನಲ್ಲಿ ಮತ್ತೆ ತೂಗಿಸಿ, ಎರಡೂ ಅಂಕಿಗಳ ಫೋಟೊ ತೆಗೆದಿಡಿ.

ಸಿಬ್ಬಂದಿ ಒಪ್ಪದಿದ್ದರೆ ಜಗಳವಾಡುತ್ತಾ ವಿಮಾನ ತಪ್ಪಿಸಿಕೊಳ್ಳಬೇಡಿ. ಹಣ ಕಟ್ಟಿ, ಎಷ್ಟು ಕೆಜಿ, ಯಾವ ದರ ಎಂದು ಬರೆದ ರಸೀದಿಯನ್ನು ಕೇಳಿಯೇ ಪಡೆಯಿರಿ. ಬ್ಯಾಗ್ ಟ್ಯಾಗ್ ಎಸೆಯಬೇಡಿ, ಸಾಮಾನ್ಯವಾಗಿ ಅದರಲ್ಲೂ ತೂಕ ಅಚ್ಚಾಗಿರುತ್ತದೆ. ಆ ದಿನವೇ ಇವೆಲ್ಲವನ್ನೂ ಲಗತ್ತಿಸಿ ಸಂಸ್ಥೆಗೆ ಇಮೇಲ್ ಮಾಡಿ.

ಉತ್ತರ ಸರಿಯಿಲ್ಲದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಜಾಲತಾಣದಲ್ಲಿ ದೂರು ಕೊಡಿ, ಇಲ್ಲವೇ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ, 2 ವರ್ಷದೊಳಗೆ ದೂರು ಹಾಕಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಅರ್ಜಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.