ವ್ಯಾಲೇಸ್ ಥರ್ಮನ್ ಯಾರು? ಈಗ್ಲೂ ಓದೋ ಹಾಗಿದಾರಾ?

ನ್ಯೂಯಾರ್ಕಿನ ಕರಿಯರ ಬಡಾವಣೆ ಹಾರ್ಲೆಮ್‌ನ ಲೇಖಕರ ಬಗ್ಗೆ ಓದ್ತಾ ಈ ಹೆಸರು ಸಿಕ್ತು, ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದೀರಲ್ಲ, ಥರ್ಮನ್ ಅವ್ರ 1929ರ ‘ದ ಬ್ಲ್ಯಾಕರ್ ದ ಬೆರಿ’ಯಿಂದ್ಲೇ ಶುರು ಮಾಡಿ. ನಂಗೆ ತುಂಬಾ ಹತ್ರದ ಕಾದಂಬರಿ ಅದು. ಎಮ್ಮಾ ಲೂ ಅಂತ ಒಬ್ಬ ಹುಡುಗಿ, ಊರು ಐಡಹೋದ ಬಾಯ್ಸಿ, ತಾಯಿ ಮನೆಯವ್ರೆಲ್ಲಾ ತಿಳಿ ಬಣ್ಣ, ಇವಳು ಮಾತ್ರ ಕಡುಕಪ್ಪು. ಬಿಳಿಯರ ಮಾತು ಬಿಡಿ, ಸ್ವಂತ ತಾಯೀನೇ ಇವಳನ್ನ ನೋಡಿ ಕೊರಗ್ತಾಳೆ, ಲಾಸ್ ಏಂಜಲೀಸ್ ಕಾಲೇಜಿಗೆ ಹೋದ್ರೆ ಅಲ್ಲಿನ ಕರಿಯ ಹುಡುಗೀರೂ ಸೇರಿಸ್ಕೊಳ್ಳಲ್ಲ, ಹಾರ್ಲೆಮ್‌ಗೆ ಬಂದ್ರೂ ಅದೇ ಪಾಡು, ಮುಖಕ್ಕೆ ಬ್ಲೀಚ್ ಹಚ್ಕೊಂಡು ಹಚ್ಕೊಂಡು ಸಾಕಾಗ್ತಾಳೆ. ಹೆಣ್ಣು ನೋಡೋಕೆ ಬಂದವ್ರ ಬಾಯಲ್ಲಿ "ಬಣ್ಣ ಸ್ವಲ್ಪ ಕಮ್ಮಿ" ಅಂತ ಕೇಳಿಸ್ಕೊಂಡವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಕೆಲವು ಕಡೆ ಭಾಷಣದ ಥರ ಆಗುತ್ತೆ ನಿಜ, ಆದ್ರೂ ಬಿಡ್ಬೇಡಿ.

ಥರ್ಮನ್ನೂ ಕಡುಕಪ್ಪೇ. ಹುಟ್ಟಿದ್ದು 1902ರಲ್ಲಿ, ಯೂಟಾದ ಸಾಲ್ಟ್ ಲೇಕ್ ಸಿಟೀಲಿ, 1925ಕ್ಕೆ ಹಾರ್ಲೆಮ್. ಮರುವರ್ಷನೇ ಅಲ್ಲಿನ ಕರಿಯ ಲೇಖಕರಾದ ಲ್ಯಾಂಗ್‌ಸ್ಟನ್ ಹ್ಯೂಸ್, ಜೋರಾ ನೀಲ್ ಹರ್‌ಸ್ಟನ್ ಇವ್ರನ್ನೆಲ್ಲಾ ಸೇರಿಸ್ಕೊಂಡು ‘ಫೈರ್!!’ ಅನ್ನೋ ಪತ್ರಿಕೆ ತಂದ್ರು. ವೇಶ್ಯಾವೃತ್ತಿ, ಸಲಿಂಗ ಪ್ರೇಮ ಎಲ್ಲಾ ಅದ್ರಲ್ಲಿ ಬಂತು, ಕರಿಯ ಸಮುದಾಯದ ಹಿರಿಯರಿಗೆ ಸಿಟ್ಟು ಬಂತು. ಒಂದೇ ಸಂಚಿಕೆ. ಮಾರಾಟ ಆಗ್ದೆ ಉಳಿದ ಪ್ರತಿಗಳು ನೆಲಮಾಳಿಗೇಲಿ ಬೆಂಕಿ ಬಿದ್ದು ಸುಟ್ಟೇ ಹೋದ್ವು, ಪ್ರಿಂಟಿಂಗ್ ಸಾಲ ಥರ್ಮನ್ ತಲೆ ಮೇಲೆ ಬಂತು, ವರ್ಷಗಟ್ಲೆ ಸಂಬಳದಿಂದ ತೀರಿಸಿದ್ರು.

1929ರಲ್ಲೇ ಅವ್ರ ‘ಹಾರ್ಲೆಮ್’ ನಾಟಕ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇಗೆ ಬಂತು. 1932ರ ‘ಇನ್‌ಫಂಟ್ಸ್ ಆಫ್ ದ ಸ್ಪ್ರಿಂಗ್’ ಕಾದಂಬರೀಲಿ ಗೆಳೆಯರನ್ನೆಲ್ಲಾ ಬೇರೆ ಹೆಸರಲ್ಲಿ ತಂದು, ನಾವ್ಯಾರೂ ಇನ್ನೂ ದೊಡ್ಡದೇನೂ ಬರ್ದಿಲ್ಲ ಅಂತ ಮುಖಕ್ಕೆ ಹೊಡ್ದ ಹಾಗೆ ಹೇಳಿದ್ರು, ತಮ್ಮನ್ನೂ ಬಿಡ್ಲಿಲ್ಲ. ಹೊರಗಿನವ್ರಿಗೆ ನಮ್ಮ ಒಳ್ಳೇ ಮುಖನೇ ತೋರಿಸ್ಬೇಕು ಅಂತಿದ್ದ ಕಾಲ ಅದು, ಈ ಮನುಷ್ಯ ಮನೆ ಮಾತನ್ನ ಬೀದಿಗೆ ತಂದ್ರು. ಹ್ಯೂಸ್, ಹರ್‌ಸ್ಟನ್ ಹೆಸರು ಎಲ್ರಿಗೂ ಗೊತ್ತಿದ್ದು ಇವ್ರ ಹೆಸರು ಹಿಂದೆ ಬೀಳೋಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಅದೇ 1932ರಲ್ಲಿ ಇನ್ನೊಬ್ರ ಜೊತೆ ಸೇರಿ ‘ದಿ ಇಂಟರ್ನ್’ ಅನ್ನೋ ಕಾದಂಬರಿ ಬರೆದ್ರು, ನ್ಯೂಯಾರ್ಕಿನ ಈಸ್ಟ್ ರಿವರ್ ಮಧ್ಯದ ವೆಲ್ಫೇರ್ ಐಲೆಂಡ್‌ನ ಬಡವರ ಆಸ್ಪತ್ರೆ ಎಷ್ಟು ಕೆಟ್ಟೋಗಿದೆ ಅನ್ನೋದು ಅದ್ರಲ್ಲಿದೆ. ಥರ್ಮನ್‌ಗೆ ಕುಡಿತ ಅಂತೂ ಇತ್ತು, ಮೇಲೆ ಟಿಬಿ. 1934ರಲ್ಲಿ ಅವ್ರನ್ನ ಸೇರಿಸಿದ್ದು ಅದೇ ಆಸ್ಪತ್ರೆಗೆ, ಡಿಸೆಂಬರ್‌ನಲ್ಲಿ ಅಲ್ಲೇ ತೀರ್ಕೊಂಡ್ರು. ಆಗ ವಯಸ್ಸು 32.